ಹರಿಪ್ರಿಯಾ ಬಾಯಿ ಬಿಟ್ಟಳಾ?

ಅರಸಂಕಾಡು, ಪಲ್ಲಡಂ ಹತ್ತಿರ
ಭಾನುವಾರ, 4 ಆಗಸ್ಟ್ 2024

(ಈ ಕಾಗದವನ್ನು ಮೊದಲು ಓದುವ ಜೈಲಿನ ಸಾರ್ ಅವರಿಗೆ: ಇದರಲ್ಲಿ ಬರುವ ನಾಚಿಯಮ್ಮ, ಶಿವಲಿಂಗಂ, ದೇವರಾಜನ್, ಹರಿಪ್ರಿಯಾ ನಾಲ್ವರೂ ಟಿವಿ ಸೀರಿಯಲ್‌ನವರು. ನಿಜವಾಗಿ ಯಾರನ್ನೂ ಕೊಂದಿಲ್ಲ.)

ಪ್ರೀತಿಯ ವಿಮಲ್ ಅಣ್ಣನಿಗೆ ತಂಗಿ ಸೆಲ್ವಿಯ ನಮಸ್ಕಾರ.

ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಕಾಲಿನ ಕಜ್ಜಿ ವಾಸಿಯಾಯಿತಾ? ಅವ್ವ ಕೊಟ್ಟ ಬೇವಿನೆಣ್ಣೆಯನ್ನು ಒಳಗೆ ಬಿಟ್ಟರಾ, ಇಲ್ಲವಾ?

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕೋಪ ಮಾಡಿಕೊಳ್ಳಬೇಡ. ಹೋದ ತಿಂಗಳು ಎಂಟು ಪುಟದ ಕಾಗದ ಬರೆದು ಹಾಕಿದ್ದೆ. ಅದು ನಿನ್ನ ಕೈಗೆ ಬರಲಿಲ್ಲ, ನಮ್ಮ ಮನೆಗೇ ವಾಪಸ್ ಬಂತು. ಪೋಸ್ಟಿನಲ್ಲಿ ಅಲ್ಲ, ಪೊಲೀಸ್ ಜೀಪಿನಲ್ಲಿ.

ಗಾಬರಿಯಾಗಬೇಡ. ಎಲ್ಲ ಸರಿಹೋಯಿತು. ನೀನು ಅಲ್ಲಿ ಕೂತು ಸ್ವಲ್ಪ ನಗಬೇಕು ಅಂತ ಮೊದಲಿನಿಂದ ಬರೆಯುತ್ತೇನೆ.

ಆವತ್ತು ಶುಕ್ರವಾರ. ಆಡಿ, ಅಂದರೆ ಆಷಾಢದ ತಿಂಗಳಲ್ಲವಾ, ಅವ್ವ ಅಮ್ಮನ ಗುಡಿಗೆ ಅಂಬಲಿ ಹೊತ್ತುಕೊಂಡು ಹೋಗಿದ್ದಳು. ಅಪ್ಪ ಮಗ್ಗದ ಶೆಡ್ಡಿನಲ್ಲಿದ್ದ. ನನಗೆ ಜ್ವರ ಬಂದು ಬನಿಯನ್ ಕಂಪನಿಗೆ ರಜೆ ಹಾಕಿದ್ದೆ. ಜೀಪು ನಿಂತ ಸದ್ದು ಕೇಳಿ ನಿನ್ನನ್ನು ಬಿಟ್ಟುಬಿಟ್ಟರು ಅಂದುಕೊಂಡು ಬಾಗಿಲಿಗೆ ಓಡಿದೆ. ಮೂವರು ಇಳಿದರು. ಹೊಸದಾಗಿ ಬಂದಿರುವ ಎಸ್.ಐ., ಕೃತ್ತಿಕಾ ಅಂತ ಒಬ್ಬ ಲೇಡಿ ಪೊಲೀಸು, ಪಳನಿಸಾಮಿ ಅಂತ ವಯಸ್ಸಾದ ಏಟ್ಟು, ಅದೇ ಹೆಡ್ ಕಾನ್‌ಸ್ಟೇಬಲ್.

"ತಮಿಳ್‌ಸೆಲ್ವಿ ಯಾರು?" ಅಂದರು ಎಸ್.ಐ.

"ನಾನು" ಅನ್ನಬೇಕಿತ್ತು. ಇಸ್ಕೂಲಿನಲ್ಲಿ ಎತ್ತುವ ಹಾಗೆ ಕೈ ಎತ್ತಿದೆ.

ಅವರು ನನ್ನ ಕಾಗದ ಬಿಡಿಸಿದರು. "ಇದು ನಿನ್ನ ಕೈಬರಹವಾ? ಏನಿದು, ತೆಲುಗಾ?"

"ಕನ್ನಡ ಸಾರ್" ಅಂದದ್ದು ನಾನಲ್ಲ, ಏಟ್ಟು. ಅವರು ತಾಳವಾಡಿ ಕಡೆ ಆರು ವರ್ಷ ಡ್ಯೂಟಿ ಮಾಡಿದವರಂತೆ. ಸುಮಾರಾಗಿ ಓದುತ್ತಾರಂತೆ. ಜೈಲಿನಲ್ಲಿ ಕಾಗದ ನೋಡುವವರಿಗೆ ಕನ್ನಡ ಅಕ್ಷರ ಗೊತ್ತಿಲ್ಲ; ಇಷ್ಟು ದಿನ ಹಾಗೇ ಬಿಡುತ್ತಿದ್ದವರು, ಈ ಸಲ ಎಂಟು ಪುಟ ನೋಡಿ ಇವರ ಹತ್ತಿರ ಕಳಿಸಿ ಓದಿಸಿದ್ದಾರೆ.

"ಹೆಸರು ತಮಿಳ್‌ಸೆಲ್ವಿ, ಬರೆಯೋದು ಕನ್ನಡ!" ಅಂತ ಎಸ್.ಐ. ಸಾರ್ ನಕ್ಕರು.

ಅಣ್ಣ, ಇದೇ ಮಾತನ್ನು ತಾಳವಾಡಿಯಲ್ಲಿ ಒಂದನೇ ಕ್ಲಾಸಿನ ಮೇಷ್ಟ್ರು ಹೇಳಿದ್ದರು, ನೆನಪಿದೆಯಾ? ಅಜ್ಜಿ ನಮ್ಮಿಬ್ಬರನ್ನೂ ಕನ್ನಡ ಇಸ್ಕೂಲಿಗೆ ಸೇರಿಸಿದ ವರ್ಷ. ಹೆಸರು ಹೇಳು ಅಂದರೆ ನಾನು ಬಾಯಿ ಬಿಡದೆ ಅಳುತ್ತಿದ್ದೆ. ನೀನು ನಿನ್ನ ಕ್ಲಾಸಿನಿಂದ ಎದ್ದು ಬಂದು, "ಅವಳು ನನ್ನ ತಂಗಿ ಸಾರ್. ಹೆಸರು ತಮಿಳ್‌ಸೆಲ್ವಿ. ಮಾತು ಕನ್ನಡ" ಅಂದಿದ್ದೆ. ಆವತ್ತಿನಿಂದ ನನಗೆ ಬರಬೇಕಾದ ಮಾತೆಲ್ಲ ನಿನ್ನ ಬಾಯಿಂದಲೇ ಬಂದಿದೆ. ಅಜ್ಜಿ ತೀರಿಕೊಂಡು ಇಲ್ಲಿಗೆ ಬಂದ ಮೇಲೆ ತಮಿಳು ಇಸ್ಕೂಲಿಗೆ ಹೋಗಲ್ಲ ಅಂತ ನಾನು ಹಟ ಹಿಡಿದಾಗ ಅಪ್ಪನ ಹತ್ತಿರ ಮಾತಾಡಿದ್ದೂ ನೀನೇ.

ಇರಲಿ. ಏಟ್ಟು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಲು ಶುರು ಮಾಡಿದರು. ಪ್ರತಿ ಸಾಲನ್ನೂ ಸಾರ್‌ಗೆ ತಮಿಳಿನಲ್ಲಿ ಹೇಳುತ್ತಿದ್ದರು.

"ಮಂಗಳವಾರ ಶಿವಲಿಂಗಂ ತಮ್ಮ ದೇವರಾಜನನ್ನು ಬಣ್ಣ ಹಾಕುವ ಸಾಯಪಟ್ಟರೆಯ ತೊಟ್ಟಿಗೆ ತಳ್ಳಿದ. ಬುಧವಾರ ಕೈ ತೊಳೆದುಕೊಂಡು ಬಂದು ದೋಸೆ ತಿಂದ. ನಾಚಿಯಮ್ಮನಿಗೆ ಎಲ್ಲ ಗೊತ್ತು, ಆದರೂ ಚಟ್ನಿ ಬಡಿಸಿದಳು. ನೀನು ಇದ್ದಿದ್ದರೆ ನೋಡಬಹುದಿತ್ತು ಅಣ್ಣ. ಗುರುವಾರ ಏನಾಗುತ್ತದೋ ನೋಡಿ ಬರೆಯುತ್ತೇನೆ."

"ಗುರುವಾರ ಯಾರನ್ನು?" ಅಂದರು ಎಸ್.ಐ.

ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದಿದ್ದರು. ಸಾರ್ ಸುತ್ತಮುತ್ತಲ ಬಣ್ಣ ಹಾಕುವ ಪಟ್ಟರೆಗಳ ಹೆಸರೆಲ್ಲ ಹೇಳಿ, "ಯಾವ ತೊಟ್ಟಿ? ದೇವರಾಜನ್ ಹೆಣ ಎಲ್ಲಿ?" ಅಂತ ಕೇಳುತ್ತಿದ್ದಾರೆ. ಕೃತ್ತಿಕಾ ಮೇಡಂ ಮಾತ್ರ, "ಹೆದರಬೇಡ ಪಾಪಾ, ನೀರು ಕುಡಿ" ಅಂದರು. ನೀರು ಕುಡಿದೆ. ಮಾತು ಬರಲಿಲ್ಲ. ಕೊನೆಗೆ ಎದ್ದು ಹೋಗಿ ಟಿವಿ ಹಾಕಿದೆ.

ದೇವರು ದೊಡ್ಡವನು. ಮಧ್ಯಾಹ್ನ ಮತ್ತೆ ಹಾಕುವ ಹೊತ್ತು ಅದು. ನಾಚಿಯಮ್ಮನ ಮನೆ ಬಂತು. ಗೋಡೆ ಮೇಲೆ ಹಾರ ಹಾಕಿದ ದೇವರಾಜನ್ ಫೋಟೋ. ನಾನು ಬೆರಳು ತೋರಿಸಿದೆ.

ಮೊದಲು ನಕ್ಕಿದ್ದು ಕೃತ್ತಿಕಾ ಮೇಡಂ. "ಅಯ್ಯೋ ಸಾರ್! ಎಂಟೂವರೆ ಗಂಟೆ ಸೀರಿಯಲ್ ಸಾರ್ ಇದು! ನಾನೂ ನೋಡ್ತೀನಿ. ದೇವರಾಜನ್ ಸತ್ತಿಲ್ಲ ಸಾರ್, ಹೆಣ ತೋರಿಸಿಲ್ಲ. ಆರು ತಿಂಗಳು ಬಿಟ್ಟು ಗಡ್ಡ ಬಿಟ್ಕೊಂಡು ಬರ್ತಾನೆ ನೋಡಿ."

ಏಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ಸಾರ್ ಅಪ್ಪನ ಕುರ್ಚಿಯಲ್ಲಿ ಕೂತು, ಜಾಹೀರಾತು ಬರುವವರೆಗೂ ಸೀರಿಯಲ್ ನೋಡಿದರು. ಬಾಗಿಲಲ್ಲಿ ನಿಂತಿದ್ದವರೂ ಒಳಗೆ ಬಂದು ಕೂತರು. ನಿನ್ನನ್ನು ಕರೆದುಕೊಂಡು ಹೋದ ಮೇಲೆ ನಮ್ಮ ಮನೆಯೊಳಗೆ ಅಷ್ಟು ಜನ ಕೂತದ್ದು ಅದೇ ಮೊದಲು.

ಹೊರಡುವಾಗ ಸಾರ್ ಕಾಗದ ಮಡಚುತ್ತಾ, "ನಮ್ಮ ಮನೆಯವಳು ನಾಚಿಯಮ್ಮನನ್ನು ದೇವತೆ ಅಂತಾಳೆ. ಅಂಥವಳು ಹೆತ್ತ ಮಗನಿಗೆ ಸಾಗು ಅಂದಳಾ?" ಅಂತ ಕೇಳಿದರು.

"ಹಾಗಂತ ಬರೆದಿದ್ದಾಳೆ ಸಾರ್" ಅಂದರು ಏಟ್ಟು. "ತಟ್ಟೆ ಕಿತ್ತುಕೊಂಡು, ಸಾಗು ಅಂದಳು ಅಂತ." ತಮಿಳಿನಲ್ಲಿ ಸಾಗು ಅಂದರೆ ಸಾಯಿ.

ನನಗೇ ಗೊತ್ತಿಲ್ಲದೆ ಬಾಯಿಂದ ಬಂತು: "ಸಾಕು!"

ಸಾರ್ ತಿರುಗಿ ನಿಂತರು. "ಏನಮ್ಮಾ, ನಮ್ಮನ್ನೇ ಸಾಗು ಅಂತೀಯಾ?"

ಆಗ ಏನಾಯಿತೋ, ಕ್ಯಾಲೆಂಡರಿನ ಹಳೆ ಹಾಳೆ ಹರಿದು, ಹಿಂದುಗಡೆ ದೊಡ್ಡದಾಗಿ ಎರಡು ಅಕ್ಷರ ಬರೆದೆ. ಕ. ಗ. "ಇದು ಬೇರೆ, ಇದು ಬೇರೆ ಸಾರ್. ನಾನು ಬರೆದದ್ದು ಕ. ಸಾಕು ಅಂದರೆ ಪೋದುಂ. ಇನ್ನು ತಿನ್ನಬೇಡ, ಸಾಕು ಅಂತ ಅವಳು ಹೇಳಿದ್ದು" ಅಂದೆ. ತಮಿಳಿನಲ್ಲಿ. ಅಷ್ಟು ಜನರ ಮುಂದೆ. ನೀನು ನಂಬಲ್ಲ.

ಏಟ್ಟು ಹಣೆ ಬಡಿದುಕೊಂಡರು. "ಹೌದಲ್ಲ! ತಮಿಳಲ್ಲಿ ಎರಡಕ್ಕೂ ಒಂದೇ ಅಕ್ಷರ. ಕನ್ನಡ ಓದಿ ಎಷ್ಟೋ ವರ್ಷ ಆಯ್ತು ಸಾರ್, ಕಣ್ಣು ಅದನ್ನೇ ತಮಿಳು ಮಾಡಿಬಿಡ್ತು."

ಎಲ್ಲರೂ ನಕ್ಕರು. ಕಾಗದದ ಮೇಲೆ ಸೀರಿಯಲ್ ಕತೆ ಅಂತ ಮೊದಲೇ ಬರೆದುಬಿಡು ಅಂತ ಬುದ್ಧಿ ಹೇಳಿದ್ದೂ ಏಟ್ಟೇ. ಜೀಪು ಹತ್ತುವ ಮುಂಚೆ ಅವರು ಮಾತ್ರ ವಾಪಸ್ ಬಂದರು. ಆ ಕ್ಯಾಲೆಂಡರ್ ಹಾಳೆ ನನ್ನ ಕೈಯಲ್ಲೇ ಇತ್ತು. ಅದನ್ನು ನೋಡಿ, ಮೆಲ್ಲಗೆ ಕನ್ನಡದಲ್ಲೇ ಕೇಳಿದರು:

"ನಿಮ್ಮಣ್ಣನ ಕೇಸಿನಲ್ಲೂ ಈ ಮಾತೇ ಅಲ್ವಾ ಮಗಾ? ಸಾಗು ಸಾಗು ಅಂತ ಕೂಗಿ ಮಗ್ಗದ ಶೆಡ್ಡಿನ ಗುರುಸಾಮಿನ ಮೆಟ್ಟಿಲಿಂದ ತಳ್ಳಿ ಕೊಂದ ಅಂತ. ಅವನು ಕೂಗಿದ್ದು ಯಾವ ಅಕ್ಷರ?"

ನಾನು ನೆಲ ನೋಡಿದೆ.

"ನನ್ನ ಹತ್ರ ಹೇಳಬೇಡ. ಕೇಳೋ ಜಾಗದಲ್ಲಿ ಹೇಳು" ಅಂದು ಹೊರಟುಹೋದರು.

ಅವ್ವ ಬಂದ ಮೇಲೆ ಬೀದಿಯವರೆಲ್ಲ ನಟನೆ ಮಾಡಿ ತೋರಿಸಿದರು. ಅವ್ವ ನಕ್ಕು ನಕ್ಕು, ಆಮೇಲೆ ಅತ್ತಳು. "ನನ್ನ ಮಗನಿಗೆ ಒಂದು ಕತೆ ಹೇಳೋಕೂ ಪೊಲೀಸ್ ಅಪ್ಪಣೆ ಬೇಕಾಯ್ತಲ್ಲಪ್ಪಾ" ಅಂತ.

ಅಡುಗೆಗೆ ಕರೆಯುತ್ತಿದ್ದಾಳೆ. ಉಳಿದದ್ದು ನಾಳೆ.

ಮಂಗಳವಾರ, 6ನೇ ತಾರೀಕು

ನಾಳೆ ಅಂತ ಬರೆದು ಎರಡು ದಿನ ಆಯಿತು. ಕಂಪನಿಯಲ್ಲಿ ಓವರ್‌ಟೈಮ್. ನನ್ನನ್ನು ಪಿಸಿರು ಕತ್ತರಿಸುವ ಕಡೆಯಿಂದ ಚೆಕಿಂಗ್‌ಗೆ ಹಾಕಿದ್ದಾರೆ. ಮೊದಲು ಹೊಲಿಗೆಯಲ್ಲಿ ಉಳಿದ ದಾರದ ತುದಿ ಕತ್ತರಿಸುತ್ತಿದ್ದೆ. ಈಗ ತಪ್ಪಿರುವ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಬೇಕು. ತಪ್ಪು ಕಂಡರೂ ಸುಮ್ಮನೆ ಮುಂದೆ ತಳ್ಳುತ್ತೀಯಲ್ಲಾ ಅಂತ ಸೂಪರ್‌ವೈಸರ್ ಎರಡು ಸಲ ಬೈದರು. ಪಕ್ಕದವಳು ಹೊಲಿದದ್ದಕ್ಕೆ ಸ್ಟಿಕ್ಕರ್ ಹಾಕಲು ನನಗೆ ಕೈ ಬರುವುದಿಲ್ಲ.

ಈಗ ಕತೆ. ಅಲ್ಲಿ ಟಿವಿ ಇದ್ದರೂ ಸಂಜೆ ಆರಕ್ಕೇ ಬೀಗ ಹಾಕುತ್ತಾರೆ ಅಂತ ನೀನು ಬರೆದಿದ್ದೆ, ಹಾಗಾಗಿ ವಿವರವಾಗಿ ಹೇಳುತ್ತೇನೆ.

ಶಿವಲಿಂಗಂ ಪಾತ್ರಕ್ಕೆ ಮತ್ತೆ ಬೇರೆ ಆಳು ಬಂದಿದ್ದಾನೆ. ಒಂಬತ್ತು ವರ್ಷದಲ್ಲಿ ಇವನು ಮೂರನೆಯವನು. ಸೋಮವಾರ ಲಾರಿ ಹತ್ತಿದವನು ಒಬ್ಬ, ಮಂಗಳವಾರ ಇಳಿದವನು ಇನ್ನೊಬ್ಬ. ಅವ್ವನಿಗೆ ಇವನು ಹಿಡಿಸಿಲ್ಲ. "ಕೊಲೆ ಮಾಡೋನ ಮುಖವೇ ಇದು? ಬ್ಯಾಂಕಿನೋನ ಥರ ಇದ್ದಾನೆ" ಅನ್ನುತ್ತಾಳೆ. ಕದ್ದ ನೂಲಿನ ಲಾರಿಗಳೆಲ್ಲ ಈಗ ಇವನ ಕೈಯಲ್ಲಿವೆ. ತಮ್ಮ ದೇವರಾಜನ್ ಪೊಲೀಸರಿಗೆ ಹೇಳಿಬಿಡುತ್ತಾನೆ ಅಂತಲೇ ಅವನನ್ನು ತೊಟ್ಟಿಗೆ ತಳ್ಳಿದ್ದು.

ನಾಚಿಯಮ್ಮನಿಗೆ ಇಬ್ಬರೂ ಹೆತ್ತ ಮಕ್ಕಳೇ. ಹೋದ ವಾರ ಅವಳು ದೇವರ ಮನೆಯಲ್ಲಿ ಕೂತು, ಒಂದು ಕೈಯಲ್ಲಿ ಸತ್ತ ಮಗನ ಶರಟು, ಇನ್ನೊಂದು ಕೈಯಲ್ಲಿ ಕೊಂದ ಮಗನ ಶರಟು ಹಿಡಿದು, ಎರಡನ್ನೂ ಮೂಸಿ ನೋಡಿ, "ಎರಡರಲ್ಲೂ ಒಂದೇ ವಾಸನೆ" ಅಂದಳು. ಅಪ್ಪ ಸಿಗರೇಟು ಸೇದಲು ಹೊರಗೆ ಹೋಗಿಬಿಟ್ಟ. ನೀನು ಹೋದ ಮೇಲೆ ಅವ್ವ ನಿನ್ನ ನೀಲಿ ಶರಟು ಒಗೆದಿಲ್ಲ. ಅದಕ್ಕೇ ಇರಬೇಕು.

ಆ ಮನೆಯವರು ಕಳ್ಳರು, ಕೊಲೆಗಾರರು. ಆದರೂ ದಿನಾ ಎಂಟೂವರೆಗೆ ನಾವು ಅವರಿಗಾಗಿ ಕಾಯುತ್ತೇವೆ. ನನಗೆ ಇದು ಆಶ್ಚರ್ಯ. ಮೊನ್ನೆ ಅವ್ವನನ್ನು ಕೇಳಿದೆ. "ಮನೆಯೊಳಗೆ ಕೂತು ನೋಡಿದ್ರೆ ಯಾರೂ ಕೆಟ್ಟೋರಲ್ಲ ಕಣೇ. ಬೀದಿಯಲ್ಲಿ ನಿಂತು ನೋಡಿದ್ರೆ ನಾವೂ ಕೆಟ್ಟೋರೇ" ಅಂದಳು. ಗುರುಸಾಮಿಯ ಹೆಂಡತಿ ಈಗಲೂ ನಮ್ಮನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ಅವಳ ಮಗುವಿಗೆ ಜ್ವರ ಬಂದಾಗ ಅವ್ವ ಕಷಾಯ ಕಾಯಿಸಿ ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟು ಕಳಿಸಿದಳು, ಯಾರು ಕೊಟ್ಟದ್ದು ಅಂತ ಹೇಳಬೇಡಿ ಅಂದು.

ಇನ್ನು ನೀನು ಕೇಳಿದ ಪ್ರಶ್ನೆ. ನನ್ನ ಕಾಗದ ಬರದಿದ್ದರೂ ಅಲ್ಲಿಗೆ ಹೊಸದಾಗಿ ಬಂದವರಿಂದ ಕತೆ ಕೇಳಿದೆ ಅಂತ ಹೇಳಿ, ನಿನ್ನ ಹೋದ ಕಾಗದದ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೆ: "ಹರಿಪ್ರಿಯಾ ಬಾಯಿ ಬಿಟ್ಟಳಾ?"

ಇಲ್ಲ ಅಣ್ಣ. ಶಿವಲಿಂಗಂ ತಳ್ಳಿದ್ದನ್ನು ಕಣ್ಣಾರೆ ನೋಡಿದವಳು ಅವಳೊಬ್ಬಳೇ. ಮೇಲಾಗಿ ಅವಳು ಅವನ ಹೆಂಡತಿ. "ಮನೆ ಮಾತು ಹೊಸಲು ದಾಟಬಾರದು" ಅಂತ ನಾಚಿಯಮ್ಮ ಅವಳಿಂದ ಆಣೆ ತೆಗೆದುಕೊಂಡಿದ್ದಾಳೆ. ಕೋರ್ಟಿನಲ್ಲಿ ನಿಲ್ಲಿಸಿ ಇಪ್ಪತ್ತು ದಿನ ಆಯಿತು. ಜಡ್ಜ್ ಕೇಳುತ್ತಾರೆ, ಅವಳು ನೋಡುತ್ತಾಳೆ, ಗಾಳಿ ಬೀಸುತ್ತದೆ, ತುಟಿ ನಡುಗುತ್ತದೆ, ಅಷ್ಟರಲ್ಲಿ ಮುಗಿಯುತ್ತದೆ.

ಅವ್ವನಿಗೆ ತಡೆಯಲಾಗುವುದಿಲ್ಲ. ಟಿವಿಗೇ ಬೈಯುತ್ತಾಳೆ. "ಥೂ, ನಿನಗೆ ಬಾಯಿಲ್ಲವೇನೇ? ಒಂದು ಮಾತು! ಒಂದೇ ಒಂದು ಮಾತು ಹೇಳಿದ್ರೆ ಮುಗೀತಲ್ಲೇ!" ಆಮೇಲೆ ನನ್ನ ಕಡೆ ತಿರುಗಿ, "ಅಲ್ವಾ ಸೆಲ್ವಿ?" ಅನ್ನುತ್ತಾಳೆ. ನಾನು ಹೂಂ ಅಂತ ತಲೆ ಆಡಿಸುತ್ತೇನೆ.

ನಮ್ಮ ಕೇಸು ಇದೇ 20ನೇ ತಾರೀಕು, ಮಂಗಳವಾರ, ತಿರುಪ್ಪೂರಿನಲ್ಲಿ. ಆಡಿ ಕಳೆದ ಮೇಲೆ ಬಂತಲ್ಲ, ಒಳ್ಳೆಯದಾಗುತ್ತದೆ ಅಂತ ಅವ್ವನ ನಂಬಿಕೆ. ವಕೀಲರು ಮಾಧವ್ ಸಾರ್ ಬಂದಿದ್ದರು. ಅವರ ಮನೆಯಲ್ಲೂ ಕನ್ನಡವೇ ಅಂತೆ, ಆದರೆ ಓದಲು ಬರುವುದಿಲ್ಲ. ನನ್ನ ಹೆಸರಿಗೂ ಕೋರ್ಟಿನಿಂದ ಕಾಗದ ಬಂದಿದೆ. ಮನೆಯವರನ್ನೆಲ್ಲ ಕರೆಯುತ್ತಾರೆ ಅಂತ ಅವ್ವ ಅಂದುಕೊಂಡಿದ್ದಾಳೆ. ಆವತ್ತು ಉಟ್ಟುಕೊಳ್ಳಲು ನನಗೆ ತನ್ನ ಹಸಿರು ಸೀರೆ ತೆಗೆದಿಟ್ಟಿದ್ದಾಳೆ.

ಅಪ್ಪ ಅವ್ವ ನಿನಗೆ ಆಶೀರ್ವಾದ ಹೇಳಿದ್ದಾರೆ. ಅಪ್ಪ ಬಾಯಿಬಿಟ್ಟು ಹೇಳಲಿಲ್ಲ, ನಾನು ಬರೆಯುವುದನ್ನು ನೋಡುತ್ತಾ ನಿಂತು, "ಇನ್ನೂ ಒಂದು ಪುಟ ಬರಿ" ಅಂದ. ಅದೇ ಅವನ ಆಶೀರ್ವಾದ. ಗುಡಿಯ ಕುಂಕುಮ ಕಾಗದದ ಮಡಿಕೆಯಲ್ಲಿದೆ, ಬಿಡಿಸುವಾಗ ಮೆಲ್ಲಗೆ ಬಿಡಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ತಾಯಿ ನಿನ್ನನ್ನು ಕಾಯಲಿ.

ನಿನ್ನ ತಂಗಿ
ಸೆಲ್ವಿ

ಮರೆತಿದ್ದ ಮಾತು: ಹಾಗಂತ ಬರೆಯುವುದು ರೂಢಿ. ಆದರೆ ಮರೆತಿರಲಿಲ್ಲ ಅಣ್ಣ. ಒಂದೂವರೆ ವರ್ಷದಿಂದ ಪ್ರತಿ ಕಾಗದದ ಕೊನೆಯಲ್ಲಿ ಇಷ್ಟು ಜಾಗ ಬಿಟ್ಟು, ಆಮೇಲೆ ಮಡಚಿ ಹಾಕಿದ್ದೇನೆ.

ಆವತ್ತು ನಾನು ನಿನಗೆ ಊಟದ ಡಬ್ಬಿ ತಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಗುರುಸಾಮಿಯೂ ಅವನ ಭಾವಮೈದನೂ ಮೆಟ್ಟಿಲ ಮೇಲೆ ಹೊಡೆದಾಡುತ್ತಿದ್ದರು. ನೀನು ಮಧ್ಯೆ ಹೋದೆ. ಗುರುಸಾಮಿಯನ್ನು ಹಿಂದಿನಿಂದ ತಬ್ಬಿ ಹಿಡಿದು, "ಸಾಕು! ಸಾಕು!" ಅಂತ ಕೂಗಿದೆ. ಹೆದರಿದಾಗ ನಿನಗೆ ಮನೆ ಮಾತೇ ಬರುತ್ತದೆ. ಅವನು ಕೊಸರಿಕೊಂಡ. ಕಾಲು ಜಾರಿತು. ಕೆಳಗೆ ಕಬ್ಬಿಣದ ಬೀಮು ಇತ್ತು. ನಾನು ಎಲ್ಲವನ್ನೂ ನೋಡಿದೆ.

ಸಂಜೆ, ಆಗ ಇಲ್ಲಿದ್ದ ಹಳೆ ಇನ್ಸ್‌ಪೆಕ್ಟರ್ ಎಲ್ಲರನ್ನೂ ಕೇಳಿದರು. ನನ್ನ ಹತ್ತಿರ ಬಂದಾಗ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಅವರೇ, "ಸಾಗುನ್ನು ಸೊನ್ನಾನಾ?" ಅಂದರು, ಸಾಗು ಅಂದನಾ ಅಂತ. ನನ್ನ ಕಿವಿಯಲ್ಲಿ ನಿನ್ನ ಮಾತೇ ಇತ್ತು. ಅವರೂ ಅದನ್ನೇ ಕೇಳುತ್ತಿದ್ದಾರೆ ಅಂದುಕೊಂಡೆ. ಸಾಕು ಅಂತ ಜಗಳ ಬಿಡಿಸಿದನಾ ಅಂತ. ಸರಿಯಾದದ್ದನ್ನೇ ಕೇಳಿದರು, ಇನ್ನು ನಿನ್ನನ್ನು ಬಿಟ್ಟುಬಿಡುತ್ತಾರೆ ಅಂತ ಸಂತೋಷವಾಯಿತು. ಹೌದು ಅಂತ ತಲೆ ಆಡಿಸಿದೆ. ಒಂದು ಸಲ ಅಲ್ಲ, ಮೂರು ಸಲ. ಅವರು ಬರೆದುಕೊಂಡರು.

ಮೂರು ತಿಂಗಳ ಮೇಲೆ ಮಾಧವ್ ಸಾರ್ ಅದನ್ನು ಓದಿ ಹೇಳಿದಾಗ ನನಗೆ ಗೊತ್ತಾಯಿತು. "ಸಾಕು ಅಂದೆ ಅಂತ ವಿಮಲ್ ಹೇಳುತ್ತಾನೆ. ಸಾಗು ಅಂದ ಅಂತ ಶೆಡ್ಡಿನವರು ಹೇಳಿದ್ದನ್ನು ಹಳೆ ಜಗಳದ ದ್ವೇಷ ಅನ್ನಬಹುದು. ಒಂದು ಸಾಕ್ಷಿ ಮನೆಯವರದೇ. ಅದೇ ಕಷ್ಟ" ಅಂದರು. ನನ್ನ ಮುಖ ನೋಡಿ ಫೈಲು ಮುಚ್ಚಿದರು. ಹೆಸರು ಹೇಳಲಿಲ್ಲ. ಯಾರೋ ಚಿಕ್ಕಪ್ಪನ ಕಡೆಯವರು ಅಂದುಕೊಂಡು ಅವ್ವ, "ಆ ಬಾಯಿಗೆ ಹುಳ ಬೀಳ" ಅಂತ ಶಾಪ ಹಾಕಿದಳು. ಹಾಕುತ್ತಲೇ ನನಗೆ ಅನ್ನ ಬಡಿಸಿದಳು. ನಾನು ಉಂಡೆ.

ಆಮೇಲಾದರೂ ಹೇಳಬಹುದಿತ್ತು. ದಿನಾ ನಾಳೆ ಅಂದುಕೊಂಡೆ.

ಸಾಕ್ಷಿ ಪಟ್ಟಿಯಲ್ಲಿ ಆರನೇ ಹೆಸರು ನನ್ನದು. ಆ ಕಾಗದ ನಿನ್ನ ಕೈಗೂ ಕೊಟ್ಟಿರುತ್ತಾರೆ. ತಮಿಳು ಅಕ್ಷರ ಕೂಡಿಸಿ ಓದಲು ನಿನಗೆ ಬರುತ್ತದೆ. ಓದಿದ್ದೀಯಾ? ಓದಿಯೂ, ಅಷ್ಟೂ ಕಾಗದಗಳಲ್ಲಿ ಒಂದು ಮಾತೂ ಕೇಳದೆ, ಕತೆ ಬರಿ ಸೆಲ್ವಿ, ಕತೆ ಬರಿ ಅಂದೆಯಾ? ಕೊನೆಗೆ ಆ ಒಂದು ಸಾಲು ಕೇಳಿದ್ದು ಹರಿಪ್ರಿಯಾಳನ್ನಾ, ನನ್ನನ್ನಾ?

ಇದನ್ನು ನಿನಗಿಂತ ಮೊದಲು ಬೇರೆಯವರು ಓದುತ್ತಾರೆ ಅಂತ ಗೊತ್ತಿದ್ದೇ ಬರೆದಿದ್ದೇನೆ. ಓದಲಿ. ಇದು ಸೀರಿಯಲ್ ಅಲ್ಲ ಸಾರ್. ಈ ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೂ ಹೇಳುತ್ತೇನೆ. ಅನ್ನ ಬಡಿಸುವ ಮುಂಚೆ.

ಆ ಕ್ಯಾಲೆಂಡರ್ ಹಾಳೆ ಮಡಚಿ ಇಟ್ಟುಕೊಂಡಿದ್ದೇನೆ. 20ನೇ ತಾರೀಕು ಅದನ್ನು ತರುತ್ತೇನೆ. ಅವರು ಏನು ಕೇಳಿದರೂ ತಲೆ ಆಡಿಸುವುದಿಲ್ಲ. ನನ್ನ ಬಾಯಿ ಕಟ್ಟಿಹೋದರೆ, ನಾನು ಅಳಲು ಶುರು ಮಾಡಿದರೆ, ನೀನು ಆ ಕಡೆಯಿಂದ "ಅವಳು ನನ್ನ ತಂಗಿ ಸಾರ್" ಅಂತ ಎದ್ದು ನಿಲ್ಲಬೇಡ ಅಣ್ಣ. ಸ್ವಲ್ಪ ಹೊತ್ತು ಕಾಯಿ. ಈ ಸಲ ನಾನೇ ಹೇಳುತ್ತೇನೆ.